ನೀಲಮ್ಮನ ಕೈಯ ಹಳದಿ ದಾರ

ಒಂಟಿಕೊಪ್ಪಲಿನ ಸರ್ಕಲ್ಲಿನಲ್ಲಿ ಸ್ಕೂಟರ್ ನಿಲ್ಲಿಸಿ ಹೂವು ಕೊಳ್ಳಲು ಹೋದಾಗ ಬೆಳಿಗ್ಗೆ ಒಂಬತ್ತೂವರೆ. ಬೆಂಗಳೂರಿನಿಂದ ತಪಾಸಣೆಗೆ ಬರುವ ಆಫೀಸರಮ್ಮನಿಗೆ ಒಂದು ಮೊಳ ಮಲ್ಲಿಗೆ ಕೊಟ್ಟರೆ ತಪ್ಪೇನಿಲ್ಲ ಅಂದುಕೊಂಡಿದ್ದೆ. ಹೂವಿನ ಬುಟ್ಟಿಯ ಪಕ್ಕ, ಹಳದಿ ದಾರಕ್ಕೆ ಕಟ್ಟಿದ ಅರಿಶಿನದ ಕೊಂಬುಗಳ ರಾಶಿ. ಹೆಂಗಸರು ಮುಗಿಬಿದ್ದು ಆರಿಸುತ್ತಿದ್ದರು.

"ಏನವ್ವ ವಿಶೇಷ ಇವತ್ತು?" ಅಂದೆ.

ಹೂವಿನವಳು ನನ್ನ ಮುಖ ನೋಡಿದಳು, ಬರಿ ಕೊರಳು ನೋಡಿದಳು. "ಭೀಮನ ಅಮಾಸೆ ಅಲ್ವೇನವ್ವ," ಅಂದು ಕಣ್ಣು ಬೇರೆ ಕಡೆ ತಿರುಗಿಸಿದಳು.

ಮಲ್ಲಿಗೆಯನ್ನು ಅಲ್ಲೇ ಬಿಟ್ಟೆ. ಭೀಮನ ಅಮಾವಾಸ್ಯೆ ಎಂದರೆ ಹೆಂಡತಿ ಗಂಡನ ಆಯಸ್ಸಿಗಾಗಿ ದೀಪದ ಕಂಬ ಇಟ್ಟು ಪೂಜೆ ಮಾಡುವ ದಿನ. ಗಂಡನ ಪಾದ ತೊಳೆದು, ಒಂಬತ್ತು ಗಂಟು ಹಾಕಿದ ಈ ದಾರವನ್ನು ಬಲಗೈಗೆ ಕಟ್ಟಿಸಿಕೊಳ್ಳುವ ದಿನ. ನನ್ನ ಗಂಡ ಹೋಗಿ ಹನ್ನೊಂದು ವರ್ಷ. ಆ ಹಬ್ಬ ನನ್ನ ಕ್ಯಾಲೆಂಡರಿನಿಂದ ಆವತ್ತೇ ಉದುರಿಹೋಗಿತ್ತು. ಬೆಂಗಳೂರಿನ ಆಫೀಸರಮ್ಮ ಫೋನಿನಲ್ಲಿ, "ಇಪ್ಪತ್ತನಾಲ್ಕನೇ ತಾರೀಖು ಆಗುತ್ತಾ?" ಅಂದಾಗ, "ಧಾರಾಳವಾಗಿ ಬನ್ನಿ," ಅಂದಿದ್ದೆ. ಮನೆಯಲ್ಲಿ ಗಂಡನಿರುವ ಯಾವ ಹೆಂಗಸೂ ಈ ತಪ್ಪು ಮಾಡುತ್ತಿರಲಿಲ್ಲ.

ತಪಾಸಣೆ ನಡೆಯಬೇಕಿದ್ದ ಮನೆಯ ನೀಲಮ್ಮನ ನಂಬರ್ ಒತ್ತಿದೆ. ಎತ್ತಲಿಲ್ಲ. ಪೂಜೆಗೆ ಕೂತಿರಬೇಕು. ಮತ್ತೆ ಒತ್ತಿದೆ. ಎತ್ತಲಿಲ್ಲ. ಹನ್ನೊಂದು ಗಂಟೆಗೆ ಆಫೀಸರಮ್ಮ ನೇರವಾಗಿ ಅವರ ಮನೆಗೇ ಬರುವವರಿದ್ದರು.

ನಾನು ಮಂಜುಶ್ರೀ. ವಿದ್ಯಾರಣ್ಯಪುರಂನಲ್ಲಿ ಎರಡೇ ಕೋಣೆಯಲ್ಲಿ ನಡೆಯುವ ಒಂದು ಟ್ರಸ್ಟಿನ ಫೀಲ್ಡ್ ವರ್ಕರ್. ಅಂದರೆ, ಬಡವರ ಮನೆಗೆ ಹೋಗಿ ಅವರು ನಿಜವಾಗಿಯೂ ಬಡವರೇ ಎಂದು ಬರೆದುಕೊಂಡು ಬರುವ ಕೆಲಸ. ಟ್ರಸ್ಟು ಕಟ್ಟಿದವರು ರಿಟೈರ್ಡ್ ಹೆಡ್ಮಾಸ್ಟರ್ ಗುರುಸಿದ್ದಯ್ಯನವರು. ಹಣ ಕೊಡುವುದು ನಾವ್ಯಾರೂ ನೋಡಿರದ ಒಂದು ಚಳಿದೇಶದ ಸಂಸ್ಥೆ. ಅವರ ಪುಸ್ತಿಕೆಯ ಒಂದೇ ಪುಟದಲ್ಲಿ ನಮ್ಮದು ಬಡದೇಶ ಅಂತ ಮೂರು ಸಲ ಬರೆದಿದ್ದಾರೆ. ಮೊದಮೊದಲು ಓದಿದಾಗ ಮೈ ಉರಿಯುತ್ತಿತ್ತು. ನಮ್ಮ ನಲವತ್ತೆರಡು ಹುಡುಗಿಯರ ಓದು ಅಲ್ಲಿಂದಲೇ ನಡೆಯುತ್ತಿದೆ ಅನ್ನುವುದು ನೆನಪಾದ ಮೇಲೆ, ಬರೆದುಕೊಳ್ಳಲಿ ಬಿಡಿ ಅನ್ನಿಸಿತು.

ಕರೋನ ಬಂದ ಎರಡನೇ ವರ್ಷ ಅವರು ಈ ಯೋಜನೆ ತೆಗೆದದ್ದು. ತಂದೆ ತೀರಿಹೋದ ಹೆಣ್ಣುಮಕ್ಕಳನ್ನು ಏಳನೇ ಕ್ಲಾಸಿನಿಂದ ಓದಿಸುವುದು. ಆಗಿನ ಗಲಾಟೆಯಲ್ಲಿ ಮರಣ ಪತ್ರವನ್ನು ಯಾರೂ ಕೇಳಲಿಲ್ಲ. ಫೀಲ್ಡ್ ವರ್ಕರ್ ಮನೆಗೆ ಹೋಗಿ ನೋಡಿ, ಫಾರಂ ಕೆಳಗೆ 'ಪರಿಶೀಲಿಸಿದ್ದೇನೆ' ಎಂದು ಸಹಿ ಹಾಕಿದರೆ ಸಾಕಿತ್ತು.

ಆ ವರ್ಷದ ಜೂನಿನಲ್ಲೇ ನೀಲಮ್ಮನ ಮನೆಗೆ ಹೋದೆ. ಗಂಡ ಮಹದೇವಪ್ಪ ಗಾರೆ ಕೆಲಸದವರು. ಅದಕ್ಕೂ ಮೂರು ವರ್ಷದ ಹಿಂದೆ, ಹೊಸಪೇಟೆ ಕಡೆ ದೊಡ್ಡ ಕಟ್ಟಡದ ಕೆಲಸ ಅಂತ ಹೋದವರು ಒಂದು ವರ್ಷ ಫೋನ್ ಮಾಡಿದರು. ಆಮೇಲೆ ಫೋನೂ ಇಲ್ಲ, ಸುದ್ದಿಯೂ ಇಲ್ಲ. ನೀಲಮ್ಮ ಮನೆಯಲ್ಲೇ ಊದುಬತ್ತಿ ಪ್ಯಾಕ್ ಮಾಡಿ ಮಗಳನ್ನು ಸಾಕುತ್ತಿದ್ದರು. ಆ ಮಗಳು, ಸಿಂಚನ, ಕೈ ಊದುಬತ್ತಿ ಎಣಿಸುತ್ತಿದ್ದರೂ ಕಣ್ಣನ್ನು ತೊಡೆಯ ಮೇಲಿನ ಪುಸ್ತಕದಿಂದ ತೆಗೆಯುತ್ತಿರಲಿಲ್ಲ. ಫಾರಂನಲ್ಲಿ ತಂದೆಯ ಹೆಸರಿನ ಮುಂದೆ ಎರಡೇ ಚೌಕ: ಬದುಕಿದ್ದಾರೆ, ತೀರಿಕೊಂಡಿದ್ದಾರೆ. ಹೋದವನು ಬರಲಿಲ್ಲ ಅನ್ನುವುದಕ್ಕೆ ಚೌಕವಿರಲಿಲ್ಲ.

ನಾನು ಎರಡನೆಯದಕ್ಕೆ ಟಿಕ್ ಹಾಕಿದೆ. ಕಾರಣ: ಕರೋನ. ದಿನಾಂಕ: ಹಿಂದಿನ ತಿಂಗಳು, ಮೇ 2021. ನೀಲಮ್ಮನಿಗೆ ಹೇಳಲಿಲ್ಲ. ಫಾರಂ ಇಂಗ್ಲಿಷಿನಲ್ಲಿತ್ತು, ಇಲ್ಲಿ ಸಹಿ ಮಾಡಿ ಅಂದೆ, ಮಾಡಿದರು. ನನ್ನವರನ್ನು ಉಳಿಸಿಕೊಳ್ಳಲು ನಾಲ್ಕು ಆಸ್ಪತ್ರೆ ಸುತ್ತಿದ್ದವಳು ನಾನು. ಬೇರೆಯವರ ಗಂಡನನ್ನು ಸಾಯಿಸಲು ಅರ್ಧ ನಿಮಿಷವೂ ಹಿಡಿಯಲಿಲ್ಲ. ಊರಿಗೆ ಉಪಕಾರ ಮಾಡಬೇಡ, ಹೆಣಕ್ಕೆ ಶೃಂಗಾರ ಮಾಡಬೇಡ ಅಂತ ಸುಮ್ಮನೆ ಹೇಳುತ್ತಾರೆಯೇ?

ಅದೇ ಸಿಂಚನ ಈ ವರ್ಷ ಎಸ್ಸೆಸ್ಸೆಲ್ಸಿಯಲ್ಲಿ ಆರುನೂರ ಹನ್ನೊಂದು ತೆಗೆದು, ಒಳ್ಳೆಯ ಕಾಲೇಜಿನಲ್ಲಿ ಪಿಯುಸಿ ಸೈನ್ಸ್ ಸೇರಿದ್ದಳು. ಮುಂದಿನ ಎರಡು ವರ್ಷದ ಖರ್ಚು ಮಂಜೂರಾಗಬೇಕಾದರೆ ಆ ಚಳಿದೇಶದ ಸಂಸ್ಥೆಯ ಬೆಂಗಳೂರು ಆಫೀಸರು ಮನೆಗೆ ಬಂದು ನೋಡಿ ಒಪ್ಪಬೇಕು. ಸುಳ್ಳು ಕಂಡರೆ ಅಲ್ಲಿಗೆ ಮುಗಿಯಿತು, ಹುಡುಗಿ ಕಾಲೇಜು ಬಿಟ್ಟು ಮತ್ತೆ ಊದುಬತ್ತಿ ಎಣಿಸಬೇಕು. ಇವತ್ತು ಆ ಆಫೀಸರು ಹೊಸ್ತಿಲು ದಾಟಿದ ಕೂಡಲೇ ನೋಡುವುದೇನು? ಕಾಗದದ ಮೇಲೆ ಗಂಡ ಸತ್ತ ಹೆಂಗಸು, ಗಂಡನ ಆಯಸ್ಸಿಗೆಂದು ಕಟ್ಟಿಕೊಂಡ ಹಳದಿ ದಾರ.

ಸಿಟಿ ಬಸ್ ಸ್ಟ್ಯಾಂಡಿನ ಹತ್ತಿರ ಒಂದು ಸಿಗ್ನಲ್, ಅಗ್ರಹಾರದ ಹತ್ತಿರ ಇನ್ನೊಂದು. ಕೆಂಪು ದೀಪಕ್ಕೂ ನನಗೂ ಹಿಂದಿನ ಜನ್ಮದ ವೈರವಿದ್ದಿರಬೇಕು. ಎಡಕ್ಕೆ ನಿಂತ ಸ್ಕೂಟರಿನ ಹೆಂಗಸಿನ ಕೈಯಲ್ಲಿ ಹಳದಿ ದಾರ, ಬಲಕ್ಕೆ ನಿಂತ ಆಟೋದೊಳಗಿನ ಅಜ್ಜಿಯ ಕೈಯಲ್ಲಿ ಹಳದಿ ದಾರ. ಇಡೀ ಮೈಸೂರು ಕಟ್ಟಿಕೊಂಡಿತ್ತು, ನನ್ನನ್ನು ಬಿಟ್ಟು.

ನೀಲಮ್ಮನ ವಠಾರ ತಲುಪಿದಾಗ ಹತ್ತೂ ಕಾಲು. ಐದು ಬಾಗಿಲಲ್ಲಿ ಮೂರನೆಯದು ಅವರದು. ಹೊಸ್ತಿಲಿಗೆ ಅರಿಶಿನ ಬಳಿದು ರಂಗೋಲಿ ಹಾಕಿತ್ತು. ಬಾಗಿಲು ತೆಗೆದವಳು ಸಿಂಚನ. ಆಫೀಸರು ಬರುತ್ತಾರೆಂದು ಕಾಲೇಜಿಗೆ ರಜೆ ಹಾಕಿದ್ದಳು, ಆದರೂ ಯೂನಿಫಾರಂ ತೊಟ್ಟಿದ್ದಳು. ಒಳಗೆ ಕಡುಬು ಬೇಯುವ ವಾಸನೆ.

ಅವಳು ನನ್ನ ಮುಖ ನೋಡಿದ್ದೇ ತಡ, ಹೊರಗೆ ಬಂದು ಬಾಗಿಲು ಹಿಂದಕ್ಕೆಳೆದುಕೊಂಡಳು.

"ದಾರದ ವಿಷಯ ತಾನೇ ಆಂಟಿ?" ಅಂದಳು ಪಿಸುದನಿಯಲ್ಲಿ. "ನಾನೂ ಬೆಳಗ್ಗಿಂದ ಅದೇ ಯೋಚನೆ ಮಾಡ್ತಿದೀನಿ."

"ನಿಂಗೆ ಹೆಂಗೆ ಗೊತ್ತು?"

"ಎಂಟನೇ ಕ್ಲಾಸಲ್ಲಿ ರಿನೀವಲ್ ಫಾರಂ ತುಂಬಿದ್ದು ನಾನೇ ಅಲ್ವಾ? ಹಳೇದರ ಜೆರಾಕ್ಸ್ ನೋಡ್ಕೊಂಡು ತುಂಬಿ ಅಂತ ಕೊಟ್ರಿ. ಅಪ್ಪ ಸತ್ತಿದಾರೆ ಅಂತ ಅದ್ರಲ್ಲಿತ್ತು. ನಾನೂ ಹಂಗೇ ತುಂಬಿದೆ."

"ಅಮ್ಮನಿಗೆ?"

"ಹೇಳ್ತೀನಾ? ಅಪ್ಪ ಬಂದೇ ಬರ್ತಾರೆ ಅಂತ ಕಾಯ್ತಾ ಇರೋಳಿಗೆ?" ಅವಳು ಬಾಗಿಲ ಕಡೆ ಒಮ್ಮೆ ನೋಡಿದಳು. "ಇನ್ನೊಂದಿದೆ ಆಂಟಿ. ಸ್ಪಾನ್ಸರ್‌ಗೆ ವರ್ಷಕ್ಕೆ ಎರಡು ಕಾಗದ ಬರೀಬೇಕಲ್ಲ, ಅದ್ರಲ್ಲೂ ಬರ್ದಿದೀನಿ. ಅಪ್ಪ ಹೆಂಗೆ ತೀರಿಕೊಂಡ್ರು, ಏನೇನಾಯ್ತು, ಎಲ್ಲ. ಹೆಡ್ಮಾಸ್ಟರ್ ತಾತ ಓದಿ ಕಣ್ಣು ಒರಸ್ಕೊಂಡ್ರು. ಆರು ಕಾಗದ."

ಹದಿನಾರು ವರ್ಷದ ಹುಡುಗಿ ಹೋಂವರ್ಕಿನ ಲೆಕ್ಕ ಒಪ್ಪಿಸುವ ದನಿಯಲ್ಲಿ ಇದನ್ನು ಹೇಳಿದಳು. ನಾನು ಹಾಕಿದ್ದು ಒಂದು ಟಿಕ್ಕು. ಅದರ ಮೇಲೆ ಇವಳು ಇಡೀ ಮನೆಯನ್ನೇ ಕಟ್ಟಿದ್ದಳು. ನನ್ನ ಮೇಲೆ ನನಗೇ ಹೇಸಿಗೆಯಾಯಿತು.

"ಅಮ್ಮನ್ನ ದೇವಸ್ಥಾನಕ್ಕೆ ಕಳಿಸಿಬಿಡಣ," ಅಂದೆ.

"ಹೋಗಲ್ವಂತೆ. ದೂರದಿಂದ ಬರೋರಿಗೆ ಕಡುಬು ಬಡಿಸ್ಬೇಕಂತೆ."

ಅಷ್ಟರಲ್ಲಿ ಬಾಗಿಲು ತೆರೆದುಕೊಂಡಿತು. ನೀಲಮ್ಮ ಹಸಿರು ಸೀರೆ ಉಟ್ಟು, ಹಣೆಗೆ ಕಾಸಿನಗಲ ಕುಂಕುಮ ಇಟ್ಟು ನಗುತ್ತಾ ನಿಂತಿದ್ದರು. ಬಲಗೈಯಲ್ಲಿ ದಾರ, ದಾರದಲ್ಲಿ ಕಿರುಬೆರಳಿನುದ್ದದ ಅರಿಶಿನದ ಕೊಂಬು. "ಇದ್ಯಾಕೆ ಬಾಗಿಲಲ್ಲೇ ನಿಂತ್ಬುಟ್ರಿ ಮೇಡಂ? ಒಳೀಕೆ ಬನ್ನಿ," ಅಂದರು.

ಹೇಳದೆ ಬೇರೆ ದಾರಿಯಿರಲಿಲ್ಲ. ಸಿಂಚನಳನ್ನು ಹಾಲು ತರಲು ಅಂಗಡಿಗೆ ಓಡಿಸಿ, ನೀಲಮ್ಮನನ್ನು ಒಲೆಯ ಪಕ್ಕಕ್ಕೆ ಕರೆದುಕೊಂಡು ಹೋಗಿ, ತಗ್ಗಿದ ದನಿಯಲ್ಲಿ ಎಲ್ಲವನ್ನೂ ಹೇಳಿದೆ. ಫಾರಂ, ಚೌಕ, ಟಿಕ್ಕು. ಸಿಂಚನಳ ಕಾಗದಗಳ ಮಾತು ಮಾತ್ರ ಎತ್ತಲಿಲ್ಲ. ಬೈಯಬಹುದು, ಅಳಬಹುದು, ಕೈಯಲ್ಲಿದ್ದ ಸೌಟಿನಲ್ಲಿ ಒಂದು ಬಾರಿಸಬಹುದು ಅಂದುಕೊಂಡಿದ್ದೆ. ನೀಲಮ್ಮ ಒಲೆಯ ಉರಿ ಸಣ್ಣ ಮಾಡಿದರು.

"ಯಾವ ತಿಂಗ್ಳಲ್ಲಿ ಬರ್ದಿದ್ರಿ?" ಅಂದರು.

"ಕರೋನ ವರ್ಷ. ಜೂನ್."

ಅವರು ಬೆರಳು ಮಡಿಸಿ ಏನನ್ನೋ ಎಣಿಸಿದರು. "ಆಗ ಅವ್ರು ಬದುಕಿದ್ರು," ಅಂದರು.

"ಈಗಲೂ ಬದುಕಿರ್ತಾರೆ ನೀಲಮ್ಮ," ಅಂದೆ ಅವಸರವಾಗಿ. ಪೆದ್ದಿ ನಾನು. "ನಾನು ಬರೆದ ಮಾತ್ರಕ್ಕೆ ಯಾರೂ ಸಾಯಲ್ಲ. ಅರ್ಧ ಗಂಟೆ, ಅಷ್ಟೇ. ತಾಳಿ ಒಳಗೆ ಸೇರಿಸ್ಕೊಳ್ಳಿ, ಕುಂಕುಮ ಸ್ವಲ್ಪ ಒರೆಸ್ಕೊಳ್ಳಿ. ಆ ದಾರ ಒಂದು ಬಿಚ್ಚಿಡಿ. ಸಿಂಚನಾಗೋಸ್ಕರ."

ನೀಲಮ್ಮ ಮರುಮಾತಾಡದೆ ಸೆರಗಿನಿಂದ ಹಣೆ ಒರೆಸಿಕೊಂಡರು. ತಾಳಿಯನ್ನು ರವಿಕೆಯೊಳಗೆ ಸೇರಿಸಿಕೊಂಡರು. ಅಷ್ಟು ಸಲೀಸಾಗಿ ಮಾಡಿದ್ದು ನೋಡಿ ನನಗೇ ಆಶ್ಚರ್ಯ. ಆದರೆ ಬಲಗೈಯನ್ನು ಎದೆಗೆ ಒತ್ತಿಕೊಂಡರು.

"ದಾರ ಬಿಚ್ಚಕಿಲ್ಲ."

"ನೀಲಮ್ಮ..."

"ಕೊಂಬು ತಂದೋಳು ಅವ್ಳು. ಕೈಗೆ ಕಟ್ಟಿದೋಳೂ ಅವ್ಳು. ಏಳು ವರ್ಷದಿಂದ ಅವ್ಳೇ ಕಟ್ತಾವ್ಳೆ. ಅವ್ಳ ಮುಂದೆ ನಾ ಬಿಚ್ಚಕಿಲ್ಲ ಮೇಡಂ. ಬೇರೆ ಏನು ಬೇಕಾದ್ರೂ ಕೇಳಿ."

ನನಗೆ ರೇಗಿಹೋಯಿತು. ಓಡಿಹೋದ ಗಂಡನ ಆಯಸ್ಸು ದೊಡ್ಡದೋ, ಕಣ್ಣ ಮುಂದಿರುವ ಮಗಳ ಓದು ದೊಡ್ಡದೋ ಅಂತ ಕೇಳಬೇಕೆಂದು ಬಾಯಿ ತೆರೆದೆ. ಹೊರಗೆ ಆಟೋ ನಿಂತ ಸದ್ದಾಯಿತು. ಹತ್ತೂ ಮುಕ್ಕಾಲು. ಕಾಲು ಗಂಟೆ ಮೊದಲೇ ಬಂದಿದ್ದರು.

ಆಫೀಸರಮ್ಮ ಅಂದರೆ ಕನ್ನಡಕದ ದಪ್ಪ ಹೆಂಗಸನ್ನು ಊಹಿಸಿಕೊಂಡಿದ್ದೆ. ಬಂದವಳು ಇಪ್ಪತ್ತೇಳು ಇಪ್ಪತ್ತೆಂಟರ ಹುಡುಗಿ, ಬಿಂದು ಅಂತ ಹೆಸರು. ಚಪ್ಪಲಿಯನ್ನು ಹೊರಗೇ ಬಿಟ್ಟು, ದೀಪದ ಕಂಬಗಳಿಗೆ ಕೈಮುಗಿದು, ಚಾಪೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಳು. ಬ್ಯಾಗಿನಿಂದ ಟ್ಯಾಬು ತೆಗೆಯುವಾಗ ಚೂಡಿದಾರದ ತೋಳು ಮೇಲೆ ಸರಿಯಿತು.

ಅವಳ ಬಲಗೈಯಲ್ಲೂ ಹಳದಿ ದಾರವಿತ್ತು.

"ಮದುವೆಯಾದ ಮೇಲೆ ಮೊದಲನೇ ಹಬ್ಬ," ಅಂದಳು, ನಾನು ನೋಡಿದ್ದನ್ನು ಕಂಡು. "ಅತ್ತೆ ನಾಲ್ಕು ಗಂಟೆಗೇ ಎಬ್ಬಿಸಿ ಕಟ್ಟಿಸಿ ಕಳಿಸಿದ್ರು."

ನೀಲಮ್ಮ ಕೈಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಗೋಡೆಗೊರಗಿ ಕೂತರು. ಸಿಂಚನ ಹಾಲು ತಂದು, ಕಾಫಿ ಮಾಡಿ ಎಲ್ಲರ ಮುಂದೆ ಇಟ್ಟು, ನನ್ನ ಪಕ್ಕ ಕೂತಳು. ಅವಳ ಮುಖ ಶಾಂತವಾಗಿತ್ತು.

ಮೊದಲು ಮಾರ್ಕ್ಸ್ ಕಾರ್ಡು, ಕಾಲೇಜಿನ ರಸೀದಿ, ಬಾಡಿಗೆಯ ಕರಾರು. ಬಿಂದು ಒಂದೊಂದನ್ನೂ ನೋಡಿ, ಫೋಟೋ ತೆಗೆದು, ಹಿಂದಕ್ಕೆ ಕೊಟ್ಟಳು. ಅವಳ ವಿನಯವೇ ನನ್ನನ್ನು ಹೆದರಿಸಿತು. ಗದರುವ ಆಫೀಸರನ್ನು ಹೇಗೋ ಸಂಭಾಳಿಸಬಹುದು, ಇಂಥವರ ಕಣ್ಣು ತಪ್ಪಿಸುವುದು ಕಷ್ಟ.

"ಸಿಂಚನ, ನಿಮ್ಮ ಕಾಗದಗಳನ್ನೆಲ್ಲ ಓದಿದೀನಿ," ಅಂದಳು. "ತುಂಬ ಚೆನ್ನಾಗಿ ಬರೀತೀರ. ತಂದೆಯವರ ಬಗ್ಗೆ ನೀವೇ ಒಂದ್ಸಲ ಹೇಳಿ. ನಿಯಮ, ಕೇಳಲೇಬೇಕು. ಬೇಜಾರು ಮಾಡ್ಕೋಬೇಡಿ."

ಸಿಂಚನ ಹೇಳಿದಳು. ಜ್ವರ ಬಂದದ್ದು, ಆಸ್ಪತ್ರೆಯಲ್ಲಿ ಹಾಸಿಗೆ ಸಿಗದೆ ಅಲೆದದ್ದು, ಐದನೇ ದಿನ ಫೋನ್ ಬಂದದ್ದು, ಬಿಳಿ ಚೀಲದಲ್ಲಿ ಸುತ್ತಿದ್ದರಿಂದ ಮುಖ ಕೂಡ ನೋಡಲಾಗದ್ದು. ಎಲ್ಲೂ ತಡವರಿಸಲಿಲ್ಲ. ಒಂದು ಹನಿ ಕಣ್ಣೀರೂ ಬರಲಿಲ್ಲ. ನನಗೆ ಅವಳನ್ನು ನೋಡುವ ಧೈರ್ಯವಿಲ್ಲದೆ ನೀಲಮ್ಮನನ್ನು ನೋಡಿದೆ. ಮಗಳು ಅಪ್ಪನ ಸಾವನ್ನು ಪಾಠ ಒಪ್ಪಿಸಿದ ಹಾಗೆ ಒಪ್ಪಿಸುವುದನ್ನು ಆ ತಾಯಿ ಮೊದಲ ಸಲ ಕೇಳುತ್ತಿದ್ದರು. ಕಣ್ಣು ಮಿಟುಕಿಸದೆ ಕೇಳಿದರು.

"ಸರಿ," ಅಂದಳು ಬಿಂದು. "ಈ ವರ್ಷದಿಂದ ಮರಣ ಪ್ರಮಾಣ ಪತ್ರ ಕಡ್ಡಾಯ ಮಾಡಿದಾರೆ. ಇದೆಯಲ್ವಾ ಅಮ್ಮ?"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನನ್ನ ಬಾಯಿ ಮುಂದೆ ಬಂತು. "ಆಗ ಸಿಕ್ಕಿರಲಿಲ್ಲ ಮೇಡಂ, ಕರೋನ ಗಲಾಟೆ. ಒಂದು ತಿಂಗಳು ಟೈಮ್ ಕೊಟ್ರೆ ತರಿಸ್ತೀನಿ."

ಬಿಂದು ನನ್ನ ಕಡೆ ತಿರುಗಲೇ ಇಲ್ಲ. ಅವಳ ಕಣ್ಣು ನೀಲಮ್ಮನ ಸೆರಗಿನ ಮೇಲಿತ್ತು. ಕಾಫಿ ಲೋಟ ತೆಗೆದುಕೊಳ್ಳಲು ನೀಲಮ್ಮ ಕೈ ಚಾಚಿದಾಗ ಸೆರಗು ಜಾರಿ, ಅರಿಶಿನದ ಕೊಂಬು ಆಚೆ ಬಂದಿತ್ತು.

"ಅಮ್ಮ, ಈ ದಾರ?" ಅಂದಳು ಮೆಲ್ಲಗೆ.

"ಅದು ಅಭ್ಯಾಸ ಬಲ ಮೇಡಂ," ಅಂದಳು ಸಿಂಚನ ತಟ್ಟನೆ. "ಹಿಂದೆ ಕಟ್ತಿದ್ರಲ್ಲ, ಹಂಗೇ."

"ನಾನೂ ಇವತ್ತು ಕಟ್ಕೊಂಡಿದೀನಮ್ಮ. ಗಂಡ ಇಲ್ಲದೋರು ಇದನ್ನ ಅಭ್ಯಾಸಕ್ಕೆ ಕಟ್ಕೊಳ್ಳಲ್ಲ." ಬಿಂದು ದೀಪದ ಕಂಬಗಳನ್ನು ನೋಡಿದಳು, ಹೊಸ್ತಿಲ ಅರಿಶಿನ ನೋಡಿದಳು, ಕೊನೆಗೆ ನನ್ನನ್ನು ನೋಡಿದಳು. "ಮಂಜುಶ್ರೀ ಅವರೇ, ಇವರ ಗಂಡ ಬದುಕಿದಾರೆ ಅಲ್ವಾ?"

ನಾನು ಕಾಲೇಜಿನ ರಸೀದಿಯನ್ನು ಮತ್ತೆ ಮಡಿಸತೊಡಗಿದೆ.

"ನಂಗೂ ಇಷ್ಟ ಇಲ್ಲ," ಅಂದಳು. ನಿಜವಾಗಿಯೂ ನೊಂದುಕೊಂಡಿದ್ದಳು. "ಇಷ್ಟು ಮಾರ್ಕ್ಸ್ ತೆಗೆದಿರೋ ಹುಡುಗಿ. ಆದ್ರೆ ನಾನು ಕಂಡಿದ್ದನ್ನ ಬರೀಲೇಬೇಕು. ಇವರಿಗೋಸ್ಕರ ಮುಚ್ಚಿಟ್ರೆ, ನಿಜವಾಗ್ಲೂ ಅಪ್ಪ ಇಲ್ಲದ ಇನ್ನೊಂದು ಮಗೂಗೆ ಮೋಸ ಮಾಡ್ದಂಗೆ." ಟ್ಯಾಬಿನ ಮೇಲೆ ಬೆರಳಿಟ್ಟಳು.

ಸಿಂಚನ ನೆಲ ನೋಡುತ್ತಿದ್ದಳು. ಅವಳ ಕೈ ತನ್ನಷ್ಟಕ್ಕೆ ಚಾಪೆಯ ಅಂಚಿನ ಕಡ್ಡಿಗಳನ್ನು ಒಂದೊಂದಾಗಿ ಎಣಿಸುತ್ತಿತ್ತು.

"ಒಸಿ ತಾಳಿ," ಅಂದರು ನೀಲಮ್ಮ.

ಎದ್ದು ಮಂಚದ ಕೆಳಗಿನ ಟ್ರಂಕನ್ನು ಎಳೆದರು. ಚಳಿಗಾಲದ ಕಂಬಳಿ, ಹಳೆಯ ಸೀರೆಗಳು, ಸಿಂಚನಳ ಚಿಕ್ಕಂದಿನ ಸ್ವೆಟರು, ಎಲ್ಲವನ್ನೂ ತೆಗೆದು ಪಕ್ಕಕ್ಕಿಟ್ಟರು. ತಳದಿಂದ ಒಂದು ಬಟ್ಟೆಯ ಗಂಟು ಹೊರಗೆ ಬಂತು. ಗಂಟಿನೊಳಗಿನ ಪ್ಲಾಸ್ಟಿಕ್ ಚೀಲದಿಂದ ನಾಲ್ಕು ಮಡಿಕೆಯ ಒಂದು ಕಾಗದ ತೆಗೆದು ಬಿಂದುವಿನ ಕೈಗೆ ಕೊಟ್ಟರು.

"ತಗೊಳ್ಳಿ. ಬಳ್ಳಾರಿ ಆಸ್ಪತ್ರೇಲಿ ಹೋದ್ರು. ಕಾಮಾಲೆ. ಎರಡು ವರ್ಷ ಆಯ್ತು ಬರೋ ದಸರಾ ಕಳೆದ್ರೆ. ಜೊತೇಲಿ ಕೆಲಸ ಮಾಡ್ತಿದ್ದೋರು ಒಬ್ರು ಮಣ್ಣು ಮಾಡಿ, ಕಾಗದ ಮಾಡಿಸ್ಕೊಂಡು, ಹುಡೀಕಂಡು ಬಂದು ಕೊಟ್ರು. ಇಷ್ಟು ವರ್ಷ ಯಾಕೆ ಬರ್ನಿಲ್ಲ ಅಂತ ಕೇಳ್ಬೇಡಿ, ಕಾಗದ ತಂದೋರ್ಗೂ ಗೊತ್ತಿರ್ನಿಲ್ಲ, ನಂಗೂ ಗೊತ್ತಿಲ್ಲ. ನಂಜನಗೂಡಿಗೆ ಹೋಗಿ ಹೊಳೇಲಿ ಮುಳುಗೆದ್ದು ಬಂದೆ. ಮಗೀಗೆ, ಊದುಬತ್ತಿ ಲೋಡು ಕೊಟ್ಟು ಬರಕ್ಕೋಗಿದ್ದೆ ಅಂದೆ."

ಸಿಂಚನ ತಲೆಯೆತ್ತಿದಳು. ಅವಳ ತುಟಿಯಲ್ಲಿ ಸಣ್ಣದೊಂದು ನಗೆಯಿತ್ತು. ಅಮ್ಮ ಎಲ್ಲಿಂದಲೋ ಒಂದು ಸುಳ್ಳು ಕಾಗದ ಹುಟ್ಟಿಸಿ ತನ್ನನ್ನು ಉಳಿಸುತ್ತಿದ್ದಾಳೆ ಅಂದುಕೊಂಡಿದ್ದಳು. ನಾನೂ ಹಾಗೇ ಅಂದುಕೊಂಡಿದ್ದೆ. ಕಾಗದ ಸುಳ್ಳು ಹೇಳುತ್ತದೆ ಅನ್ನುವುದನ್ನು ಅವಳಿಗೆ ಕಲಿಸಿದವಳೇ ನಾನಲ್ಲವೇ?

"ಹಂಗಾದ್ರೆ ಈ ದಾರ?" ಅಂದಳು ಬಿಂದು.

"ಆಗ ಇವ್ಳು ಒಂಬತ್ನೇ ಕ್ಲಾಸು. ಹೇಳಿದ್ರೆ ಓದು ಕೆಡ್ತದೆ ಅಂತ ಸುಮ್ನಾದೆ. ಆಮೇಲೆ, ಎಸ್ಸೆಸ್ಸೆಲ್ಸಿ ಮುಗೀಲಿ ಅಂತ. ಆಮೇಲೆ, ಕಾಲೇಜು ಸೇರ್ಲಿ ಅಂತ. ಅಮಾಸೆ ಬಂದ್ರೆ ಇವ್ಳೇ ಹೋಗಿ ಕೊಂಬು ತರ್ತಾಳೆ, ಅಪ್ಪ ಬರ್ತಾರೆ ಕೈ ನೀಡಮ್ಮ ಅಂತಾಳೆ. ಬ್ಯಾಡ ಅಂದ್ರೆ ತಿಳ್ಕೊಳ್ದೆ ಇರ್ತಾಳಾ?"

ಹೇಳುತ್ತಲೇ ಆ ಪ್ಲಾಸ್ಟಿಕ್ ಚೀಲವನ್ನು ತಲೆ ಕೆಳಗು ಮಾಡಿದರು. ಚಾಪೆಯ ಮೇಲೆ ಠಣ್ಣೆಂದು ಬಿದ್ದದ್ದು ಒಂದು ಕರಣೆ, ಗಾರೆ ಬಳಿಯುವ ಕರಣೆ. ತುದಿ ಸವೆದಿತ್ತು, ಅಂಚಿಗೆ ಸಿಮೆಂಟು ಹಿಡಿದಿತ್ತು. ಮರದ ಹಿಡಿಗೆ ಕೆಂಪು ರಿಬ್ಬನ್ ಬಿಗಿಯಾಗಿ ಸುತ್ತಿ, ಮೇಲೆ ಎರಡು ಗಂಟು ಹಾಕಿತ್ತು. ಶಾಲೆಯ ಹುಡುಗಿಯರು ಜಡೆಗೆ ಕಟ್ಟುತ್ತಾರಲ್ಲ, ಆ ರಿಬ್ಬನ್.

ಸಿಂಚನಳ ನಗೆ ಹಾಗೇ ನಿಂತಿತು. ಅವಳು ಅಂಬೆಗಾಲಿನಲ್ಲಿ ಮುಂದೆ ಹೋಗಿ ಕರಣೆಯನ್ನು ಎತ್ತಿಕೊಂಡಳು. ಹಿಡಿಯನ್ನು ತಿರುಗಿಸಿ ನೋಡಿದಳು. ಗಂಟಿನ ಮೇಲೆ ಹೆಬ್ಬೆರಳಿಟ್ಟಳು.

"ಇದು ನಾನು ಸುತ್ತಿದ್ದು," ಅಂದಳು. "ಅಪ್ಪನ ಕೈಗೆ ಬೊಬ್ಬೆ ಬರುತ್ತೆ ಅಂತ. ಇದನ್ನ ತಗೊಂಡು ಹೋಗಿದ್ರಲ್ಲಮ್ಮ ಅಪ್ಪ?"

ನೀಲಮ್ಮ ಖಾಲಿ ಚೀಲವನ್ನು ಮಡಿಸಿ ತೊಡೆಯ ಮೇಲಿಟ್ಟುಕೊಂಡರು.

ಬಿಂದು ಟ್ಯಾಬನ್ನು ಮತ್ತೆ ಹತ್ತಿರಕ್ಕೆಳೆದುಕೊಂಡಳು. ಮರಣ ಪತ್ರವನ್ನೂ ಟ್ಯಾಬಿನಲ್ಲಿದ್ದ ನನ್ನ ಹಳೆಯ ಫಾರಂ ಅನ್ನೂ ಪಕ್ಕಪಕ್ಕ ಇಟ್ಟಳು. ಅಲ್ಲಿಗೆ ಬರುತ್ತಾಳೆ ಅಂತ ನನಗೆ ಗೊತ್ತಿತ್ತು.

"ಇದ್ರಲ್ಲಿ ಅಕ್ಟೋಬರ್ 2023 ಇದೆ. ಫಾರಂನಲ್ಲಿ ಮೇ 2021."

"ಫಾರಂ ಸುಳ್ಳು," ಅಂದೆ. ಹೇಳಿದ ಮೇಲೆ ಒಂದು ಥರ ಹಗುರವಾಯಿತು. "ಬರೆದವಳು ನಾನು. ಇವರಿಗೆ ಗೊತ್ತೇ ಇರಲಿಲ್ಲ. ಅರ್ಧ ಗಂಟೆ ಹಿಂದೆ ಹೇಳಿದೆ."

"ಹುಡುಗಿ ಬರೆದ ಕಾಗದಗಳು?"

"ಹಂಗೇ ಬರಿ ಅಂತ ನಾನೇ ಹೇಳಿಕೊಟ್ಟೆ." ಇದು ನನ್ನ ಕೊನೆಯ ಸುಳ್ಳು. ಇದರ ಬಗ್ಗೆ ಮಾತ್ರ ನನಗೆ ಈವತ್ತಿಗೂ ನಾಚಿಕೆಯಿಲ್ಲ.

ಬಿಂದು ಸಿಂಚನಳನ್ನು ನೋಡಿದಳು. ಸಿಂಚನ ನಮ್ಮಿಬ್ಬರ ಮಾತನ್ನು ಕೇಳಿಸಿಕೊಳ್ಳುತ್ತಲೇ ಇರಲಿಲ್ಲ. ಬಿಂದು ಬರೆಯತೊಡಗಿದಳು. ಬರೆಯುತ್ತಾ ಗಟ್ಟಿಯಾಗಿ ಹೇಳಿದಳು. "ಇವತ್ತಿಗೆ ಈ ಹುಡುಗಿಗೆ ತಂದೆ ಇಲ್ಲ. ಪತ್ರ ನೋಡಿದೀನಿ. ಎರಡು ವರ್ಷದ ಓದಿಗೆ ಮಂಜೂರು ಮಾಡಬಹುದು." ಆಮೇಲೆ ನನ್ನ ಕಡೆ ತಿರುಗಿ, "ಮೊದಲನೇ ಫಾರಂ ಬರೆದವರ ಹೆಸರನ್ನೂ ಬರೀಬೇಕಾಗುತ್ತೆ ಮೇಡಂ. ಗುರುಸಿದ್ದಯ್ಯನವರಿಗೆ ಇವತ್ತೇ ಹೋಗುತ್ತೆ," ಅಂದಳು.

"ಬರೀರಿ," ಅಂದೆ. "ಸ್ಪೆಲ್ಲಿಂಗ್ ಹೇಳ್ಲಾ?"

ಅವಳಿಗೆ ನಗು ಬರಲಿಲ್ಲ, ನನಗೂ ಬರಲಿಲ್ಲ. ನೀಲಮ್ಮ ಬಾಳೆಲೆಯಲ್ಲಿ ಕಟ್ಟಿಕೊಟ್ಟ ಕಡುಬನ್ನು ಬೇಡ ಅನ್ನದೆ ತೆಗೆದುಕೊಂಡಳು. ಹೊರಡುವಾಗ ಚೂಡಿದಾರದ ತೋಳನ್ನು ಕೆಳಗೆಳೆದು ತನ್ನ ಕೈಯ ದಾರವನ್ನು ಮುಚ್ಚಿಕೊಂಡಳು.

ನಾನೂ ಎದ್ದೆ. ಕೆಲಸ ಹೋಗುವುದು ಖಂಡಿತವಾಗಿತ್ತು. ಅದು ಆಗ ದೊಡ್ಡದಾಗಿ ಕಾಣಲಿಲ್ಲ. ನೀಲಮ್ಮ ಬಾಗಿಲವರೆಗೆ ಬಂದರು.

"ನೀವು ಬರೆದಾಗ ಅವ್ರು ಗಟ್ಟಿಮುಟ್ಟಾಗಿದ್ರು ಮೇಡಂ," ಅಂದರು. ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ಹೆಚ್ಚು ನೋಯಿಸಿತು. "ನೀವು ಬರೆದಿದ್ದಕ್ಕೇ ಹೋದ್ರು ಅಂತ ನಾನನ್ನಕಿಲ್ಲ. ನನ್ ಮಗಳು ಓದಿದ್ದು ನಿಮ್ಮಿಂದ. ಆದ್ರೂ ಅಂಗೆ ಬರೀಬಾರ್ದಿತ್ತು."

ನಾನು ಇಂಥದ್ದನ್ನೆಲ್ಲ ನಂಬುವವಳಲ್ಲ. ಹಣೆಬರಹ, ಶಕುನ ಅಂದವರನ್ನು ಆಡಿಕೊಂಡು ನಗುವವಳು. ಆದರೂ ಆ ಹೊಸ್ತಿಲಲ್ಲಿ ನಿಂತು, ನಾಲ್ಕು ವರ್ಷದ ಹಿಂದೆ ಆ ಚೌಕದ ಮೇಲೆ ಪೆನ್ನು ಊರಿದ ನನ್ನ ಬೆರಳುಗಳನ್ನು ನೋಡಿಕೊಂಡೆ. ತಪ್ಪಾಯ್ತು ನೀಲಮ್ಮ ಅಂದೆ.

"ಅಮ್ಮಾ," ಅಂದಳು ಸಿಂಚನ ಒಳಗಿನಿಂದ.

ಅವಳು ದೀಪದ ಕಂಬಗಳ ಮುಂದೆ ಕರಣೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಅಮ್ಮನನ್ನಲ್ಲ, ನನ್ನನ್ನು ನೋಡಿ ಮಾತಾಡಿದಳು. "ಆರು ಕಾಗದ ಬರ್ದೆ ಆಂಟಿ. ಒಂದ್ಸಲಾನೂ ಅಳು ಬರ್ಲಿಲ್ಲ. ಸುಳ್ಳು ಅಂತ ಗೊತ್ತಿತ್ತಲ್ಲ, ಅದಕ್ಕೇ ಬರೆಯಕ್ಕಾಯ್ತು."

ನೀಲಮ್ಮ ಹೋಗಿ ಅವಳ ಎದುರು ಕೂತರು. ಬಲಗೈ ಮುಂದೆ ಚಾಚಿದರು.

"ಬಿಚ್ಚವ್ವ," ಅಂದರು.

ಸಿಂಚನ ಬಹಳ ಹೊತ್ತು ಆ ಕೈಯನ್ನು ನೋಡಿದಳು. ಬೆಳಿಗ್ಗೆ ಅವಳೇ ಬಿಗಿಯಾಗಿ ಕಟ್ಟಿದ ಗಂಟುಗಳು, ಅರಿಶಿನದ ನೀರಿನಲ್ಲಿ ನೆನೆದು ಒಣಗಿ ಇನ್ನಷ್ಟು ಗಟ್ಟಿಯಾಗಿದ್ದವು.

"ಕತ್ತರಿ ಕೊಡ್ಲಾ?" ಅಂದೆ.

"ಬ್ಯಾಡಿ," ಅಂದರು ನೀಲಮ್ಮ. "ಅವ್ಳೇ ಬಿಚ್ಚಲಿ."

ಸಿಂಚನ ಉಗುರಿನಿಂದ ಮೊದಲನೇ ಗಂಟನ್ನು ಸಡಿಲಿಸಿದಳು. ಎರಡನೆಯದಕ್ಕೆ ಹಲ್ಲು ಹಚ್ಚಬೇಕಾಯಿತು. ಮೂರನೆಯದು ಬಿಚ್ಚಿಕೊಂಡಾಗ ಅವಳ ಹೊಟ್ಟೆಯೊಳಗಿನಿಂದ ಒಂದು ಸದ್ದು ಬಂತು, ಚಿಕ್ಕ ಮಗುವಿನದು. ಅಪ್ಪಾ ಅಂತ ಅಮ್ಮನ ಅಂಗೈಯ ಮೇಲೆ ಮುಖವಿಟ್ಟು ಅಳತೊಡಗಿದಳು. ದಾರದಲ್ಲಿ ಇನ್ನೂ ಆರು ಗಂಟು ಉಳಿದಿದ್ದವು. ನೀಲಮ್ಮ ಕೈ ಚಾಚಿಕೊಂಡೇ ಕೂತಿದ್ದರು.